ಏಳನೆಯ ಕಲ್ಲು

ಕೊಳದ ಮೇಲೆ ಯಾರೋ ನಡೆದುಹೋದ ಗುರುತು ಸೊಸೆಯ ಕಣ್ಣಿಗೆ ಬಿದ್ದದ್ದು ಒಂದು ಮಂಗಳವಾರ ಬೆಳಿಗ್ಗೆ. ಒಲೆಯ ಮೇಲೆ ಹಾಲಿಟ್ಟು, ಅದು ಉಕ್ಕುವುದರೊಳಗೆ ಬಂದುಬಿಡುತ್ತೇನೆ ಎಂದುಕೊಂಡು ಅವಳು ಹಿತ್ತಿಲಿಗೆ ಇಳಿದಿದ್ದಳು.

ಗುರುತು ಎಂದರೆ ಗುರುತೇ. ಹಸಿರು ಹಾಸಿನಲ್ಲಿ ಒಂದಾದ ಮೇಲೊಂದು ತೂತು. ಅಂಗಾಲಿನಷ್ಟು ಉದ್ದ, ಅಂಗಾಲಿನಷ್ಟೇ ಅಗಲ, ಒಂದು ಎಡಕ್ಕೆ, ಒಂದು ಬಲಕ್ಕೆ. ಅಡುಗೆಮನೆಯ ಕಡೆಯ ದಡದಿಂದ ಹೊರಟು ಹಿಂದಿನ ಗಲ್ಲಿಯ ಗೇಟಿನವರೆಗೆ ನೆಟ್ಟಗೆ ಹೋಗಿದ್ದವು. ಎಣಿಸಿದಳು. ಹದಿಮೂರು. ಪ್ರತಿಯೊಂದರಲ್ಲೂ ಕಪ್ಪು ನೀರು, ಆ ನೀರಿನಲ್ಲಿ ಮೀನಿನ ಬಾಯಿ. ಹಸಿರು ಮುಚ್ಚಿದ ಕೊಳದಲ್ಲಿ ಉಸಿರಿಗೆ ಬೇರೆ ಜಾಗವಿರಲಿಲ್ಲವಲ್ಲ, ಅದಕ್ಕೆ ಮೀನುಗಳೆಲ್ಲ ಅಲ್ಲಿಗೆ ಬಂದಿದ್ದವು. ಬಾಯಿ ತೆರೆದು ಮುಚ್ಚಿ, ತೆರೆದು ಮುಚ್ಚಿ, ಹದಿಮೂರು ಹೆಜ್ಜೆಗಳೂ ಏನೋ ಹೇಳಹೊರಟು ದನಿ ಬಾರದೆ ನಿಂತ ಹಾಗಿದ್ದವು.

ಕೊಳದ ನಡುವೆ ನೀರು ಅವಳ ಎದೆಮಟ್ಟ. ಅದರ ಮೇಲೆ ಯಾರೂ ನಡೆಯಲಾರರು.

ಅವಳು ಅಡುಗೆಮನೆಯ ಕಿಟಕಿಯ ಕಡೆ ತಿರುಗಿ ನೋಡಿದಳು. ಯಾರೂ ಎದ್ದಿರಲಿಲ್ಲ. ಗೋಡೆಗೆ ಒರಗಿಸಿದ್ದ ಬಿದಿರಿನ ಗಳು ತೆಗೆದುಕೊಂಡು ಹಸಿರನ್ನು ಅಲ್ಲಿಂದಿಲ್ಲಿಗೆ ಎಳೆದು, ತೂತುಗಳನ್ನೆಲ್ಲ ಮುಚ್ಚಿದಳು. ಒಳಗೆ ಹಾಲು ಉಕ್ಕಿ ಒಲೆ ಆರಿತ್ತು.

ಆ ಹಸಿರು ತೇಲುವ ಜರಿಗಿಡ. ಅದಕ್ಕೆ ಮಣ್ಣು ಬೇಡ, ಹೂವಿಲ್ಲ, ಬೀಜವಿಲ್ಲ. ಬೆರಳತುದಿಯಷ್ಟು ಅಗಲದ ಎಲೆಗಳು ಜೋಡಿಜೋಡಿಯಾಗಿ ನೀರಿನ ಮೇಲೆ ಮಲಗಿರುತ್ತವೆ. ಎಲೆಯ ತುಂಬ ಸಣ್ಣ ರೋಮ. ಮುಳುಗಿಸಿ ಬಿಟ್ಟರೂ ಹನಿ ಅಂಟದೆ ಒಣಗಿಯೇ ಮೇಲೇಳುತ್ತದೆ. ಕೆಳಗೆ ಕಂದು ಕೂದಲಿನಂಥದು ಜೋತಾಡುತ್ತದೆ. ನೋಡಿದವರು ಬೇರು ಎನ್ನುತ್ತಾರೆ. ಅದೂ ಎಲೆಯೇ, ನೀರಿನೊಳಗೆ ಇದ್ದು ಇದ್ದು ಹಾಗಾಗಿದೆ ಎಂದು ಮಾವ ಅವಳಿಗೆ ಹೇಳಿಕೊಟ್ಟಿದ್ದರು. ಚೂರು ಮುರಿದು ಬಿದ್ದರೆ ಅದೇ ಇನ್ನೊಂದು ಗಿಡ. ಬಿಸಿಲು ಚೆನ್ನಾಗಿದ್ದರೆ ವಾರದೊಳಗೆ ಇಮ್ಮಡಿ.

ಮಾವ ನೀರು ಸರಬರಾಜಿನಲ್ಲಿ ಮೂವತ್ತು ವರ್ಷ ವಾಲ್ವ್ ತಿರುಗಿಸಿದವರು. ನಿವೃತ್ತರಾದ ಮೇಲೆ ಈ ಗಿಡದ ಹುಚ್ಚು ಹತ್ತಿಸಿಕೊಂಡಿದ್ದರು. ಹಜಾರದಲ್ಲಿ ಮೂರು ಗಾಜಿನ ತೊಟ್ಟಿ, ಮಹಡಿಯ ಮೇಲೆ ಎರಡು, ಹಿತ್ತಿಲಿನಲ್ಲಿ ಮೊದಲಿಂದಲೂ ಇದ್ದ ಕೊಳ. ಅವರ ನಿಯಮ ಎರಡೇ. ಒಂದು, ಎಷ್ಟೇ ಬೆಳೆಯಲಿ, ಕಾಲುಭಾಗ ನೀರು ಬರಿದಾಗಿರಬೇಕು. “ನೀರಿಗೂ ಕಣ್ಣು ಬೇಕಮ್ಮ,” ಎನ್ನುತ್ತಿದ್ದರು. ಎರಡು, ಒಂದೆಲೆಯೂ ಮೋರಿಗೆ ಹೋಗಬಾರದು. ಹೋದರೆ ಊರ ಕಾಲುವೆಯನ್ನೆಲ್ಲ ಕಟ್ಟಿಹಾಕಿಬಿಡುತ್ತದೆ. ಎರಡು ವರ್ಷದಿಂದ ಅವರ ನೆನಪು ತೆಳುವಾಗುತ್ತ ಬಂದು, ಗಿಡದ ಕೆಲಸ ಸೊಸೆಯ ಕೈಗೆ ಬಂತು. ಸಾಕುಮೀನಿನ ಅಂಗಡಿಯವನು ವಾರಕ್ಕೆ ಒಂದು ಡಬ್ಬಿ ಗಿಡ ಒಯ್ಯುತ್ತಿದ್ದವನು ಈಗ ಎಂಟು ಕೇಳುತ್ತಿದ್ದ. ಮಗಳ ಕನ್ನಡಕ ಆ ದುಡ್ಡಿನಲ್ಲೇ ಆಗಿತ್ತು. ಮದುವೆಯಾಗಿ ಹನ್ನೊಂದು ವರ್ಷಕ್ಕೆ ಅವಳು ಯಾರನ್ನೂ ಕೇಳದೆ ಕೊಂಡ ಮೊದಲ ವಸ್ತು ಅದು. ಎರಡನೆಯ ನಿಯಮವನ್ನು ಅವಳು ಚಾಚೂ ತಪ್ಪದೆ ಪಾಲಿಸಿದಳು. ಮೊದಲನೆಯದನ್ನು ಮಾತ್ರ ಬಿಟ್ಟುಬಿಟ್ಟಳು. ಕಾಲುಭಾಗ ಬಿಟ್ಟರೆ ಎರಡು ಡಬ್ಬಿ ಕಡಿಮೆಯಾಗುತ್ತಿತ್ತು.

ಈ ಕೊಳದ ಮೇಲೆ ನಾದಿನಿಯ ಕಣ್ಣು ಬಿದ್ದು ತಿಂಗಳಾಗಿತ್ತು. ಅವಳು ಕನ್ನಡಕದಂಗಡಿಯಲ್ಲಿ ಕೆಲಸ ಮಾಡುವವಳು. ಗಂಡನನ್ನು ಬಿಟ್ಟು ಬಂದು ನಾಲ್ಕು ವರ್ಷದಿಂದ ಮುಂದಿನ ಕೋಣೆಯಲ್ಲಿದ್ದಾಳೆ. ಹೋದ ತಿಂಗಳು ಮಾವ ನಾಲ್ಕು ಬೀದಿ ದಾಟಿ ಪಂಪ್‌ಹೌಸಿಗೆ ಹೋಗಿ, ನನ್ನ ಪಾಳಿ ಶುರುವಾಯಿತು ಎಂದು ಬೆಂಚಿನ ಮೇಲೆ ಕೂತುಬಿಟ್ಟಿದ್ದರು. ಕರೆತಂದ ದಿನವೇ ನಾದಿನಿ, “ಕೊಳ ಮುಚ್ಚಿಸಿಬಿಡೋಣ” ಎಂದಳು. ಸೊಸೆಯ ಗಂಡ ಎರಡು ದಿನ ತಲೆ ಕೆರೆದುಕೊಂಡು ತೀರ್ಪು ಕೊಟ್ಟ. ಅಪ್ಪ ಕೊಳದ ಹತ್ತಿರ ಹೋದದ್ದು ಒಂದೇ ಒಂದು ಸಲ ಕಂಡರೂ ಮಾರನೇ ದಿನ ಮಣ್ಣಿನ ಲಾರಿ ಬರುತ್ತದೆ, ಕಾಣದಿದ್ದರೆ ಇಲ್ಲ.

ಆ ಮಂಗಳವಾರದ ತಿಂಡಿಯ ಹೊತ್ತಿಗೆ ಮಾವ ಮೇಜಿನ ತುದಿಯಲ್ಲಿ ಬ್ರೆಡ್ಡನ್ನು ಚಹಾದಲ್ಲಿ ಅದ್ದುತ್ತ ಕೂತಿದ್ದರು.

“ಅಪ್ಪನ ಪೈಜಾಮ ಯಾಕೆ ಒದ್ದೆ?” ನಾದಿನಿ ಕೇಳಿದಳು.

“ಬಚ್ಚಲಲ್ಲಿ ನೀರು ಬಿಟ್ಕೊಂಡಿರಬೇಕು,” ಎಂದಳು ಸೊಸೆ.

“ಎರಡು ಕಾಲಿಗೂ ಒಂದೇ ಅಳತೆಗಾ?”

“ನಿನ್ನ ಅಂಗಡಿಯಿಂದ ಅಳತೆಪಟ್ಟಿ ತಂದು ನೋಡು.”

“ತಿನ್ನೋಕೆ ಬಿಡ್ತೀರಾ ಇಬ್ರೂ?” ಗಂಡ ಎದ್ದೇಬಿಟ್ಟಿದ್ದ. ಅವನು ಲಿಫ್ಟ್ ರಿಪೇರಿಯವನು. “ಹನ್ನೊಂದನೇ ಮಹಡೀಲಿ ಲಿಫ್ಟು ನಿಂತಿದೆ. ಒಳಗೊಬ್ಬ ವಕೀಲ ಇದಾನಂತೆ.”

“ಒಳಗೆ ಏನ್ ಮಾಡ್ತಿರ್ತಾನಪ್ಪ ಅವನು?” ಮಗಳು ಕೇಳಿದಳು. ಒಂಬತ್ತು ವರ್ಷದ ಅವಳಿಗೆ ಅಪ್ಪ ಇಟ್ಟ ಹೆಸರು ಪ್ರಶ್ನೆಪತ್ರಿಕೆ.

“ನನ್ ಮೇಲೆ ಕೇಸು ಬರೀತಿರ್ತಾನೆ, ಪ್ರಶ್ನೆಪತ್ರಿಕೆ.”

ಮಾವ ಬ್ರೆಡ್ಡಿನಿಂದ ತಲೆಯೆತ್ತಿದರು. “ಗೇಟು ತೆಗೆದಿಟ್ಟು ಬಂದೆ,” ಎಂದರು. “ಅವಳು ಬರೋ ಹೊತ್ತು.”

ಉಳಿದವರು ಅದನ್ನು ಹಳೆಯ ನೆನಪೆಂದೇ ತಿಳಿದರು. ಅತ್ತೆ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ರಾತ್ರಿಪಾಳಿ ಮಾಡಿ, ಬೆಳಗಿನ ಜಾವ ಹಿಂದಿನ ಗಲ್ಲಿಯಿಂದ ಮನೆಗೆ ಬರುತ್ತಿದ್ದವರು ಅವರು.

“ಗೇಟು ತೆಗೆದಿಡಬೇಡಿ ಅಪ್ಪ, ಕಳ್ಳರು ಬರ್ತಾರೆ,” ಎಂದಳು ನಾದಿನಿ, ದನಿ ಇಳಿಸಿ.

“ಅವಳು ಬಂದ ಮೇಲೆ ಹಾಕ್ತೀನಿ,” ಎಂದರು ಮಾವ.

ಬುಧವಾರವೂ ಹದಿಮೂರು ತೂತು. ಗುರುವಾರವೂ. ಸೊಸೆ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಹಸಿರು ಎಳೆದು ಮುಚ್ಚುವುದನ್ನು ಹಾಲು ಕಾಯಿಸುವಷ್ಟೇ ಸಹಜವಾಗಿ ಮಾಡತೊಡಗಿದಳು. ತನಗೇ ಒಂದು ಸಮಾಧಾನ ಹೇಳಿಕೊಂಡಿದ್ದಳು: ಮಾವ ಗೋಡೆ ಪಕ್ಕದ ಕಾಲುದಾರಿಯಲ್ಲಿ ಗೇಟಿಗೆ ಹೋಗುತ್ತಾರೆ, ಹೋಗುವಾಗ ಬಿದಿರಿನಿಂದ ಅಲ್ಲಲ್ಲಿ ಚುಚ್ಚಿ ನೀರಿಗೆ ಕಣ್ಣು ಬಿಡಿಸುತ್ತಾರೆ, ಹಳೆಯ ಅಭ್ಯಾಸ. ಪೈಜಾಮ ಒದ್ದೆಯಾಗುವುದು ಹುಲ್ಲಿನ ಇಬ್ಬನಿಗೆ. ಹೀಗೆ ನಂಬಿದರೆ ಕೊಳವೂ ಉಳಿಯುತ್ತದೆ, ತಪ್ಪು ಮಾಡಿದ ಹಾಗೂ ಆಗುವುದಿಲ್ಲ. ಶುಕ್ರವಾರ ಬಿದಿರನ್ನು ಒಳಗೆ ತಂದು ಮಂಚದ ಕೆಳಗಿಟ್ಟುಕೊಂಡು ಮಲಗಿದಳು. ಶನಿವಾರ ಬೆಳಿಗ್ಗೆ ಹದಿಮೂರು ತೂತು, ಹದಿಮೂರು ಬಾಯಿ. ಒಳಗೆ ಹೋಗಿ ಮಂಚದ ಕೆಳಗೆ ನೋಡಿದಳು, ಬಿದಿರು ಇಟ್ಟಲ್ಲೇ ಇತ್ತು. ಆದರೂ ಮುಚ್ಚಿದಳು.

ಎರಡನೆಯ ವಾರ ಹಿತ್ತಿಲ ಬಾಗಿಲ ಚಿಲಕಕ್ಕೆ ಮಗಳ ಹಳೆಯ ಸೈಕಲ್ ಗಂಟೆ ಕಟ್ಟಿದಳು. ಗಂಟೆ ಸದ್ದು ಮಾಡಲಿಲ್ಲ, ಹೆಜ್ಜೆ ಮಾತ್ರ ಬಿದ್ದಿತ್ತು. ಹತ್ತಿರ ಹೋಗಿ ನೋಡಿದರೆ ಗಂಟೆಗೆ ಮಾವನ ಕರವಸ್ತ್ರ ಸುತ್ತಿತ್ತು, ಮಡಿಕೆ ಮಡಿಕೆಯಾಗಿ, ಮಗುವಿಗೆ ಹೊದಿಸಿದ ಹಾಗೆ.

“ಯಾಕೆ ಮಾವ ಗಂಟೆಗೆ ಬಟ್ಟೆ ಸುತ್ತಿದ್ದು?”

“ಮಕ್ಕಳು ಮಲಗಿರ್ತವಲ್ಲ,” ಎಂದರು ಅವರು. ಅವರ ಮಟ್ಟಿಗೆ ಮಕ್ಕಳೆಂದರೆ ನಲವತ್ತು ವರ್ಷದ ಲಿಫ್ಟ್ ಮೆಕ್ಯಾನಿಕ್ ಮತ್ತು ಅವನ ತಂಗಿ.

ಹಗಲೆಲ್ಲ ಮನೆ ಮನೆಯ ಹಾಗೇ ಇತ್ತು. ಅಡುಗೆ, ಪಾತ್ರೆ, ಪಾಠ. ಡಬ್ಬಿ ಕೊಡುವ ದಿನ ಸೊಸೆ ಹಿತ್ತಿಲ ಬಾಗಿಲ ಹೊರಗಿನ ಚಪ್ಪಡಿಕಲ್ಲಿನ ಮೇಲೆ ನಿಂತು ಹಸಿರನ್ನು ತೊಳೆಯುತ್ತಿದ್ದಳು. ಪಟಿಕ ಕರಗಿಸಿದ ನೀರಿನಲ್ಲಿ ಒಮ್ಮೆ ಅದ್ದಿ, ಬಸವನಹುಳುವಿನ ಮೊಟ್ಟೆ ಹೋಗುವ ಹಾಗೆ ಜಾಲಿಸಿ, ಒದ್ದೆ ಕಾಗದದ ಮೇಲೆ ಎಲೆ ಮೇಲಾಗಿ ಹರಡುವುದು. ಮಗಳು ಡಬ್ಬಿಗೆ ತುಂಬುತ್ತಿದ್ದಳು. ನಾದಿನಿ ಹೊಸ್ತಿಲಲ್ಲಿ ಕೂತು, ಕೊಂಡು ಎರಡು ದಿನವೂ ಆಗದ ಚಪ್ಪಲಿಯನ್ನು ಕಾಲಿನಿಂದ ಕೀಳುತ್ತಿದ್ದಳು.

“ಮತ್ತೆ ಕಚ್ತಾ?” ಸೊಸೆ ಕೇಳಿದಳು.

“ಈ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿರತ್ತಲ್ಲ. ಯಾವ ಚಪ್ಪಲಿ ಒಪ್ಪತ್ತೆ ಇದನ್ನ? ನಮ್ಮಮ್ಮ ನನಗೆ ಅಂತ ಬಿಟ್ಟುಹೋದ ಆಸ್ತಿ.” ನಾದಿನಿ ಕಾಲು ಚಾಚಿ ನೋಡಿಕೊಂಡಳು. “ಆ ಮನೇಲಿ ನಮ್ಮತ್ತೆ ಅದಕ್ಕೂ ಹೆಸರಿಟ್ಟಿದ್ರು. ಬೆರಳೇ ಹೊಂದ್ಕೊಳಲ್ಲ, ಇನ್ನು ಇವಳು ಹೊಂದ್ಕೋತಾಳಾ ಅಂತ.”

ಇಬ್ಬರೂ ನಕ್ಕರು. ಹಾಗೆ ನಗುತ್ತಿರುವಾಗಲೇ ನಾದಿನಿ ಕೊಳದ ಕಡೆ ನೋಡಿದಳು. “ಅತ್ತಿಗೆ, ನಿಜ ಹೇಳಿ. ಅಪ್ಪ ಆ ಕಡೆ ಹೋಗ್ತಿಲ್ಲ ತಾನೆ? ಜನಕ್ಕೆ ಕಣ್ಣು ಕಾಣೋ ಹಾಗೆ ಮಾಡೋದು ನನ್ನ ಕೆಲಸ. ನನಗೇ ಅದು ನೆಲದ ಹಾಗೆ ಕಾಣತ್ತೆ. ಅವರಿಗೆ ಹೇಗೆ ಕಾಣಬೇಡ?”

“ಹೋಗ್ತಿಲ್ಲ,” ಎಂದಳು ಸೊಸೆ. ಹೇಳಿದ್ದೇ ಬಗ್ಗಿ, ಆಗಲೇ ತೊಳೆದಿದ್ದ ಹಸಿರನ್ನು ಮತ್ತೆ ತೊಳೆದಳು.

ಮೂರನೆಯ ವಾರದ ಒಂದು ಸಂಜೆ ಊಟಕ್ಕೆ ಕೂತಿದ್ದರು. ಬೇಯಿಸಿದ ಆಲೂಗಡ್ಡೆ, ಮೊಟ್ಟೆ, ಅನ್ನ. ಮಾವ ಆಗಲೇ ಉಂಡು ಕೋಣೆ ಸೇರಿದ್ದರು.

“ಅಪ್ಪ, ಮನುಷ್ಯರು ನೀರಿನ ಮೇಲೆ ನಡೀಬಹುದಾ?” ಮಗಳು ಕೇಳಿದಳು.

ಸೊಸೆಯ ಕೈಯಲ್ಲಿದ್ದ ಸೌಟು ಪಾತ್ರೆಯೊಳಗೇ ನಿಂತಿತು.

“ಯಾಕೇ?” ಎಂದಳು ನಾದಿನಿ.

“ಸುಮ್ನೆ. ಜರಿಗಿಡ ಮುಳುಗಿಸಿದ್ರೂ ಒದ್ದೆ ಆಗಲ್ಲ. ಹಂಗೇ ಮನುಷ್ಯರು.”

ಗಂಡ ಆಲೂಗಡ್ಡೆಯ ಸಿಪ್ಪೆ ಸುಲಿಯುತ್ತ ನಕ್ಕ. “ನನಗೆ ಚಿಕ್ಕೋನಿದ್ದಾಗ ಒಂದು ಕನಸು ಬೀಳ್ತಿತ್ತು ಕಣೇ. ಬೆಳಗಿನ ಜಾವ. ನಾನು ಅಡುಗೆಮನೆ ಕಿಟಕೀಲಿ ನಿಂತಿರ್ತೀನಿ. ಅಮ್ಮ ಆಸ್ಪತ್ರೆಯ ಬಿಳಿ ಕೋಟು ಹಾಕ್ಕೊಂಡು, ಕೈಯಲ್ಲಿ ಡಬ್ಬಿ ಹಿಡ್ಕೊಂಡು, ಕೊಳದ ಮೇಲೆ ನಡ್ಕೊಂಡು ಬರ್ತಾಳೆ. ಗೇಟಿಂದ ನೆಟ್ಟಗೆ ಅಡುಗೆಮನೆಗೆ. ಅಪ್ಪ ದಡದಲ್ಲಿ ನಿಂತು ಕೈ ಚಾಚಿರ್ತಾರೆ.”

“ಆಮೇಲೆ?”

“ಆಮೇಲೇನು, ಚಹಾ ಮಾಡ್ತಾಳೆ. ಕನಸಲ್ವಾ.”

ಕನಸಾಗಿರಲಿಲ್ಲ. ಸೊಸೆಗೆ ಹೋದ ಬೇಸಿಗೆ ಕಣ್ಣೆದುರು ನಿಂತಿತು. ಕೊಳದ ಏರಿ ಸೋರುತ್ತಿದೆಯೆಂದು ನೀರನ್ನು ಮೊಣಕಾಲಿಗೆ ಇಳಿಸಿದ್ದರು. ಕೆಸರು ಮೆತ್ತಿದ ಚಪ್ಪಡಿಕಲ್ಲುಗಳು ಅಂದು ಒಂದೇ ಸಾಲಿನಲ್ಲಿ ಕಂಡಿದ್ದವು, ಪ್ರತಿಯೊಂದೂ ಇಟ್ಟಿಗೆಯ ಕಂಬದ ಮೇಲೆ. ಹೂಕುಂಡ ಇಡೋಕೆ ಅಪ್ಪ ಮಾಡಿಸಿದ್ದಿರಬೇಕು ಎಂದಿದ್ದ ಗಂಡ. ನಡುವಿನದೊಂದು ವಾಲಿಕೊಂಡಿತ್ತು. ಹಸಿರು ತೊಳೆಯಲು ನಿಲ್ಲುವುದಕ್ಕೆ ಚೆನ್ನಾಗಿದೆಯೆಂದು ಅದನ್ನು ಅವಳೇ ಕೇಳಿ ಎತ್ತಿಸಿದ್ದಳು. ಅದರ ಇಟ್ಟಿಗೆಗಳನ್ನು ಗಂಡ ಮಹಡಿಗೆ ಹೊತ್ತು ತೊಟ್ಟಿಗಳ ಕೆಳಗೆ ಜೋಡಿಸಿದ್ದ. ಅಂದರೆ ಹಿಂದೆ ಎಂದೋ, ಏರಿ ಎತ್ತರಿಸುವುದಕ್ಕೆ ಮೊದಲು, ಅದು ದಾರಿಯಾಗಿತ್ತು. ಪಾಳಿ ಮುಗಿಸಿ ಬರುವ ಹೆಂಡತಿಯ ಕಾಲು ಒದ್ದೆಯಾಗದಿರಲಿ ಎಂದು ಮಾವ ಕಟ್ಟಿದ ದಾರಿ. ನೀರೇರಿ ಕಲ್ಲುಗಳು ಮುಳುಗಿದವು, ಜನ ಮರೆತರು. ಮಾವನ ತಲೆ ಎಲ್ಲವನ್ನೂ ಮರೆಯಿತು, ಕಾಲು ಮರೆಯಲಿಲ್ಲ.

ಮಾರನೇ ದಿನ ಎಲ್ಲರೂ ಕೆಲಸಕ್ಕೆ, ಶಾಲೆಗೆ ಹೋದ ಮೇಲೆ, ಮಾವ ಮಲಗಿದ್ದಾಗ, ಅವಳು ಮೇಜು ಒರೆಸುವುದನ್ನೂ ಬಿಟ್ಟು ಬಿದಿರು ಹಿಡಿದು ಹೋದಳು. ಗಳುವಿನ ತುದಿಯಿಂದ ಕಲ್ಲನ್ನು ತಡಕಿ, ಚಪ್ಪಲಿ ಬಿಟ್ಟು ಮೊದಲನೆಯದರ ಮೇಲೆ ಕಾಲಿಟ್ಟಳು. ಗೇಣು ನೀರು, ಅದರಡಿ ಗಟ್ಟಿ ಕಲ್ಲು. ಅಲ್ಲಿಂದ ಎರಡನೆಯದು, ಮೂರನೆಯದು. ಟಕ್, ಟಕ್, ಟಕ್. ಆರನೆಯದರ ಮೇಲೆ ನಿಂತು ಮುಂದಕ್ಕೆ ಗಳು ಇಳಿಬಿಟ್ಟಳು. ಅದು ಇಳಿಯಿತು. ಇನ್ನೂ ಇಳಿಯಿತು. ಕೈ ನೀರಿಗೆ ತಾಗುವವರೆಗೂ ಇಳಿದು ಮೆತ್ತನೆಯ ಕೆಸರಿನಲ್ಲಿ ನಿಂತಿತು.

ಅಲ್ಲಿ ಏನೂ ಇರಲಿಲ್ಲ. ಆದರೆ ಇಪ್ಪತ್ತು ದಿನದಿಂದ ಅವಳು ಮುಚ್ಚುತ್ತಿದ್ದ ಹದಿಮೂರು ತೂತುಗಳಲ್ಲಿ ಏಳನೆಯದು ಅಲ್ಲೇ ಇರುತ್ತಿತ್ತು.

ಅಂದು ಮಧ್ಯಾಹ್ನ ಅವಳು ಹಸಿರು ತೊಳೆಯಲಿಲ್ಲ. ಆ ಚಪ್ಪಡಿಯ ಮೇಲೆ ನಿಲ್ಲಲು ಕಾಲೇ ಬರಲಿಲ್ಲ.

ಮರುದಿನ ಬೆಳಕು ಹರಿಯುವ ಮುಂಚೆ ಎದ್ದು ಹಿತ್ತಿಲ ಬಾಗಿಲಿನ ಹೊರಗೆ ಹೋಗಿ ನಿಂತಳು. ಮಾವ ಬಂದರೆ ಕೈಹಿಡಿದು ಒಳಗೆ ಕರೆದೊಯ್ಯಬೇಕು, ಇಷ್ಟೇ ಲೆಕ್ಕ. ಗೋಡೆ ಪಕ್ಕ ಇಟ್ಟಿದ್ದ ಖಾಲಿ ತೊಟ್ಟಿಗಳ ಮೇಲಿನ ಟಾರ್ಪಾಲ್ ಗಾಳಿಗೆ ಎದ್ದು ಬೀಳುತ್ತಿತ್ತು. ಅದನ್ನು ಕಲ್ಲಿಟ್ಟು ಅದುಮಲು ಅವಳು ಹೋಗಿ ಬಗ್ಗಿದ್ದು ಒಂದು ನಿಮಿಷವಾಗಿದ್ದರೆ ಹೆಚ್ಚು. ತಿರುಗಿದಾಗ ಮಾವ ಆಗಲೇ ಮೂರನೆಯ ಕಲ್ಲಿನ ಮೇಲಿದ್ದರು.

ಕೂಗಬೇಕೆಂದು ಬಾಯಿ ತೆರೆದಳು. ಕೂಗಿದರೆ ಬೆಚ್ಚಿ ಬೀಳುತ್ತಾರೆ. ಮುಚ್ಚಿಕೊಂಡಳು.

ಹಸಿರಿನ ಮೇಲೆ ತೆಳ್ಳಗೆ ಮಂಜಿತ್ತು. ಮಾವ ಬರಿಗಾಲಿನಲ್ಲಿ, ಹಜಾರದಲ್ಲಿ ನಡೆಯುವಷ್ಟೇ ಆರಾಮವಾಗಿ ನಡೆಯುತ್ತಿದ್ದರು. ನಾಲ್ಕು. ಐದು. ಆರು. ಆರನೆಯದರ ಮೇಲೆ ನಿಂತರು. ಎಡಗೈ ಮುಂದೆ ಚಾಚಿದರು. ಬಸ್ಸಿನಿಂದ ಇಳಿಯುವ ಮುದುಕರು ಕೆಳಗಿರುವವರ ಕೈಗಾಗಿ ಕಾಯುವ ಹಾಗೆ ಸ್ವಲ್ಪ ಹೊತ್ತು ಕಾದರು. ಆಮೇಲೆ ಆ ಕೈಯ ಮೇಲೆ ಭಾರ ಹಾಕಿದರು. ಸೊಸೆ ಅದನ್ನು ಕಣ್ಣಾರೆ ಕಂಡಳು. ಭುಜ ಒಂದು ಕಡೆಗೆ ವಾಲಿ, ಯಾರೋ ತಡೆದ ಹಾಗೆ ನಿಂತಿತು. ಎಪ್ಪತ್ತಾರು ವರ್ಷದ ಕಾಲು ಅಷ್ಟುದ್ದ ಚಾಚಿ ಎಂಟನೆಯ ಕಲ್ಲು ಮುಟ್ಟಿತು. ಆಮೇಲೆ ಒಂಬತ್ತು, ಹತ್ತು. ಗೇಟಿನ ಅಗುಳಿ ಸರಿದ ಸದ್ದು ಬಂತು.

ಮಾವ ಹಿಂತಿರುಗಿ ಬಂದದ್ದು ಗೋಡೆ ಪಕ್ಕದ ಕಾಲುದಾರಿಯಲ್ಲಿ, ತೊಟ್ಟಿಗಳ ನಡುವೆ ನುಸುಳಿಕೊಂಡು. ಅವಳು ಓಡಿಹೋಗಿ ಅವರ ತೋಳು ಹಿಡಿದಳು. ತಣ್ಣಗಿತ್ತು.

“ಬರುವಾಗ ಈ ಕಡೆಯಿಂದ ಯಾಕೆ ಮಾವ?” ಕೇಳಬೇಕಾದದ್ದು ಬೇರೆಯೇ ಇತ್ತು, ಬಾಯಿಗೆ ಬಂದದ್ದು ಇದು.

“ಅದು ಅವಳು ಬರೋ ದಾರಿ. ನಾವು ಅಡ್ಡ ಇರಬಾರದು.”

“ನಡುವೆ ಒಂದು ಕಲ್ಲಿಲ್ಲವಲ್ಲ. ಹೇಗೆ ದಾಟಿದಿರಿ?”

“ಅಲ್ಲಿ ಅವಳು ನಿಂತಿರ್ತಾಳೆ. ಕೈ ಕೊಡ್ತಾಳೆ.” ಮಾವ ಕೊಳದ ಕಡೆ ನೋಡಿದರು. ಮುಖದಲ್ಲಿ ಕರುಣೆಯಂಥದೇನೋ ಬಂತು. “ಪಾಪ, ಅವಳಿಗೆ ನಿಲ್ಲೋಕೆ ಕಲ್ಲಿಲ್ಲ. ಯಾರೋ ಎತ್ಕೊಂಡು ಹೋಗಿದಾರೆ. ನೀರಲ್ಲೇ ನಿಂತಿರ್ತಾಳೆ. ಅದಕ್ಕೇ ಮುಂದೆ ಬರೋಕಾಗ್ತಿಲ್ಲ.”

ಸೊಸೆ ಕೊಳದ ಕಡೆ ನೋಡಿದಳು. ಆರನೆಯದಕ್ಕೂ ಎಂಟನೆಯದಕ್ಕೂ ನಡುವೆ ತೂತು ಇತ್ತು. ಮಿಕ್ಕವುಗಳಿಗಿಂತ ಸ್ವಲ್ಪ ಚಿಕ್ಕದು. ಅಂದು ಅದರಲ್ಲಿ ಮಾತ್ರ ಮೀನು ಬಾಯಿ ಹಾಕಿರಲಿಲ್ಲ.

ಅಂದು ಅವಳು ಹಸಿರು ಎಳೆದು ಮುಚ್ಚಲಿಲ್ಲ. ಮಾವನಿಗೆ ಒಣಬಟ್ಟೆ ಕೊಟ್ಟು ಕೂರಿಸಿ, ಗಂಡನನ್ನೂ ನಾದಿನಿಯನ್ನೂ ಎಬ್ಬಿಸಿ ದಡಕ್ಕೆ ಕರೆತಂದಳು. ಕಲ್ಲಿನ ಸಂಗತಿ ಹೇಳಿದಳು. ಮಾವ ಹೇಳಿದ ಮಾತನ್ನು ಹೇಳಲಿಲ್ಲ. ಹೇಳಿದರೆ ತಪ್ಪಿಸಿಕೊಳ್ಳಲು ಕಥೆ ಕಟ್ಟಿದಳು ಎನ್ನುತ್ತಾರೆಂದು ಅನ್ನಿಸಿತು.

“ಎಷ್ಟು ದಿನದಿಂದ ಗೊತ್ತು?” ನಾದಿನಿ ಕೇಳಿದಳು.

“ಮೂರು ವಾರ.”

“ದಿನಾ ಕಾಣ್ತಿತ್ತಾ ಇದು?”

“ದಿನಾ ಮುಚ್ತಿದ್ದೆ.”

ನಾದಿನಿ ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು. “ಮೂರು ವಾರ ನಮ್ಮಪ್ಪನ ಹೆಜ್ಜೆ ಅಳಿಸ್ತಾ ಇದ್ರಿ ನೀವು,” ಎಂದಳು. “ಒಂದಿನ ಹದಿಮೂರರ ಬದಲು ಆರೇ ಇದ್ದಿದ್ರೆ? ಅದನ್ನೂ ಮುಚ್ಚಿ ಡಬ್ಬಿಗೆ ತುಂಬಿರೋರಾ?”

“ಇಟ್ಟಿಗೆ ಎತ್ತಿದ್ದು ನಾನು,” ಎಂದ ಗಂಡ, ನೀರನ್ನೇ ನೋಡುತ್ತ. “ಅವಳೊಬ್ಬಳನ್ನೇ ಅನ್ನಬೇಡ.”

“ಅನ್ನಲಿ ಬಿಡಿ,” ಎಂದಳು ಸೊಸೆ. “ಲಾರಿಗೆ ಹೇಳಿ. ಕೊಳ ಮುಚ್ಚಿಸಿಬಿಡಿ.”

“ನಿನ್ನ ಗಿಡ?”

“ಹಜಾರದಲ್ಲಿ, ಮಹಡಿ ಮೇಲೆ ತೊಟ್ಟಿ ಇವೆಯಲ್ಲ. ಸಾಕು.” ಸಾಲುವುದಿಲ್ಲವೆಂದು ಅವಳಿಗೂ ಗೊತ್ತಿತ್ತು, ಅವನಿಗೂ.

ಕಲ್ಲನ್ನು ಅಲ್ಲೇ ಮತ್ತೆ ಕೂರಿಸಿದರಾಯಿತಲ್ಲ ಎಂದು ಗಂಡ ಒಮ್ಮೆ ಅಂದು ನೋಡಿದ. ಇಬ್ಬರೂ ಹೆಂಗಸರು ಒಟ್ಟಿಗೆ, ಬೇಡ ಎಂದರು. ಆ ವಾರ ಅವರಿಬ್ಬರೂ ಒಪ್ಪಿದ ಮಾತು ಅದೊಂದೇ.

ಐದು ದಿನ ಗಂಡ ಹಿತ್ತಿಲ ಬಾಗಿಲಿಗೆ ಅಡ್ಡಲಾಗಿ ಹಾಸಿಗೆ ಹಾಕಿ ಮಲಗಿದ. ಮೀನುಗಳನ್ನು ಮೀನಿನಂಗಡಿಯವನು ಬಕೆಟ್ಟುಗಳಲ್ಲಿ ಒಯ್ದ. ಸೊಸೆ ಮತ್ತು ಮಗಳು ಜರಡಿಯಿಂದ ಹಸಿರು ಬಾಚಿ ಟಾರ್ಪಾಲಿನ ಮೇಲೆ ಒಣಹಾಕಿದರು. ಬಾಚಿದಷ್ಟೂ ಬರುತ್ತಿತ್ತು. ಎರಡು ದಿನ ಮಾತಾಡದಿದ್ದ ನಾದಿನಿ ಮೂರನೆಯ ದಿನ ಕೆಲಸದಿಂದ ಬಂದವಳೇ ಬಟ್ಟೆಯನ್ನೂ ಬದಲಿಸದೆ ಇನ್ನೊಂದು ಜರಡಿ ತೆಗೆದುಕೊಂಡಳು.

“ಇದನ್ನ ಎಲ್ಲಿ ಹಾಕ್ಲಿ?”

“ಟಾರ್ಪಾಲ್ ಮೇಲೆ. ಒಂದೆಲೆನೂ ಮೋರಿಗೆ...”

“ಗೊತ್ತು. ನಮ್ಮಪ್ಪನ ಮಾತೇ ಅದು.” ಸ್ವಲ್ಪ ಹೊತ್ತಾದ ಮೇಲೆ ನಾದಿನಿ ತಲೆ ಎತ್ತದೆಯೇ ಹೇಳಿದಳು, “ನಾನು ಆ ಮನೆ ಬಿಟ್ಟು ಬಂದಾಗ ಮೊದಲ ಊಟ ಬಡಿಸಿದ್ದು ನೀವು. ಅದನ್ನೂ ಮರೆತಿಲ್ಲ, ಇದನ್ನೂ ಮರೆಯಲ್ಲ.”

“ಮರೀಬೇಡ,” ಎಂದಳು ಸೊಸೆ.

ಶನಿವಾರ ಎರಡು ಲಾರಿ ಕೆಂಪು ಮಣ್ಣು ಬಂತು. ಮಾವ ಕುರ್ಚಿ ಹಾಕಿಸಿಕೊಂಡು ಕೂತು, ಪೂರ್ತಿ ಕೆಲಸವನ್ನು ಮೇಲ್ವಿಚಾರಕರ ಹಾಗೆ ನೋಡಿದರು. ಕೊನೆಯ ಬುಟ್ಟಿ ಬಿದ್ದ ಮೇಲೆ ಕುರ್ಚಿಯಿಂದ ಅರ್ಧ ಎದ್ದರು.

“ನೀರು ಮುಚ್ಚಿಬಿಟ್ರಲ್ಲಮ್ಮ. ಅವಳು ಹೇಗೆ ಬರ್ತಾಳೆ ಈಗ?”

ಸೊಸೆ ಅವರ ಮುಂದೆ ಕುಕ್ಕರಗಾಲಲ್ಲಿ ಕೂತಳು. ಬಾಯಿಗೆ ಬಂದದ್ದನ್ನು ಹೇಳಿದಳು. “ಇನ್ನು ನೆಲದ ಮೇಲೇ ನಡ್ಕೊಂಡು ಬರ್ತಾರೆ ಮಾವ. ಕಾಲು ಒದ್ದೆ ಆಗಲ್ಲ. ನಿಲ್ಲೋಕೆ ಕಲ್ಲೂ ಬೇಕಾಗಲ್ಲ.”

ಮಾವ ಬಗ್ಗಿ ಕೆಂಪು ಮಣ್ಣನ್ನು ಬೆರಳಿನಿಂದ ಮುಟ್ಟಿ ನೋಡಿದರು. “ಹೌದಲ್ವಾ,” ಎಂದರು.

ಸಂಜೆ ಸೊಸೆ ಹಲ್ಲುಕುಂಟೆ ಹಿಡಿದು ಮಣ್ಣನ್ನು ಗೋಡೆಯಿಂದ ಗೋಡೆಗೆ ಸಮ ಮಾಡಿದಳು. ಹಲ್ಲಿನ ಗೆರೆಗಳು ಬಿಟ್ಟರೆ ಒಂದು ಇರುವೆಯ ಗುರುತೂ ಇರಲಿಲ್ಲ. ಬಾಗಿಲಿಗೆ ಕಾವಲು ಇನ್ನು ಬೇಡವೆಂದು ಗಂಡ ಮಂಚಕ್ಕೆ ಮರಳಿದ.

ಬೆಳಿಗ್ಗೆ ಅವಳು ಹಾಲಿಟ್ಟು ಹೊರಗೆ ಬಂದಾಗ ಮಾವ ಆಗಲೇ ಗೇಟಿನ ಹತ್ತಿರ ನಿಂತಿದ್ದರು, ಬೆನ್ನು ಈ ಕಡೆಗೆ. ಗೇಟು ತೆರೆದಿತ್ತು. ಮೆತ್ತನೆಯ ಮಣ್ಣಿನಲ್ಲಿ ಅವರ ಬರಿಗಾಲಿನ ಗುರುತು ನೆಟ್ಟಗೆ ಹೋಗಿತ್ತು, ಇಲ್ಲದ ಕಲ್ಲುಗಳ ಮೇಲೆ ಅಳೆದಿಟ್ಟ ಹಾಗೆ. ಒಂದು, ಎರಡು, ಮೂರು. ಆರರ ತನಕ. ಅಲ್ಲಿ ಹಿಮ್ಮಡಿ ಆಳವಾಗಿ ಊರಿತ್ತು, ಯಾರೋ ನಿಂತು ಕಾದ ಹಾಗೆ. ಆಮೇಲೆ ಉದ್ದನೆಯ ದಾಪುಗಾಲು, ಎಂಟು.

ನಡುವೆ ಒಂದೇ ಒಂದು ಹೆಜ್ಜೆ. ಬರಿಗಾಲಿನದು. ಕಿರಿದು. ಅದರ ಬೆರಳುಗಳು ಗೇಟಿನ ಕಡೆಗಿರಲಿಲ್ಲ, ಮನೆಯ ಕಡೆಗಿದ್ದವು. ನಾಲ್ಕು ಬೆರಳು ಸ್ಪಷ್ಟವಾಗಿದ್ದವು. ಐದನೆಯದು ನಾಲ್ಕನೆಯದರ ಮೇಲೆ ಹತ್ತಿ ಕೂತಿತ್ತು.

ಹಲ್ಲುಕುಂಟೆ ಗೋಡೆಗೆ ಒರಗಿತ್ತು, ಕೈಚಾಚಿದರೆ ಸಿಗುವಷ್ಟು ಹತ್ತಿರ. ಅವಳ ಕೈ ಅದರ ಹಿಡಿಯವರೆಗೂ ಹೋಯಿತು. ನಿಂತಿತು. ಅವಳು ಬಾಗಿಲಿಗೆ ಮುಖ ಮಾಡಿ, ಹೆಚ್ಚು ಗಟ್ಟಿಯಾಗಿ ಅಲ್ಲದೆ, ನಾದಿನಿಯನ್ನು ಕರೆದಳು.

ನಾದಿನಿ ಬಾಯಲ್ಲಿ ಹಲ್ಲುಜ್ಜುವ ಬ್ರಷ್ ಇಟ್ಟುಕೊಂಡೇ ಬಂದಳು. ನೋಡಿದಳು. ಬ್ರಷ್ ತೆಗೆದಳು.

“ರಾತ್ರಿ ನೀನೇನಾದ್ರೂ ಈ ಕಡೆ...”

“ನಾನು ಕೋಣೆ ಬಿಟ್ಟು ಎದ್ದಿಲ್ಲ ಅತ್ತಿಗೆ.”

ಹಾಗೆಂದವಳು ಚಪ್ಪಲಿ ಕಳಚಿ, ಗೋಡೆಯ ಕಡೆಯಿಂದ ಬಳಸಿಕೊಂಡು ಹೋಗಿ, ಆ ಗುರುತಿನ ಪಕ್ಕದಲ್ಲಿ ತನ್ನ ಕಾಲನ್ನು ಮೆಲ್ಲಗೆ ಊರಿ ಎತ್ತಿದಳು. ಎರಡೂ ಪಕ್ಕಪಕ್ಕದಲ್ಲಿ ಕಂಡವು. ಬೆರಳಿಗೆ ಬೆರಳು ಹೊಂದುತ್ತಿತ್ತು. ಉದ್ದದಲ್ಲಿ ಮಾತ್ರ ನಾದಿನಿಯದು ಎರಡು ಬೆರಳಗಲ ದೊಡ್ಡದು.

ಒಳಗೆ ಹಾಲು ಉಕ್ಕಿದ ವಾಸನೆ ಬಂತು. ಯಾರೂ ಅಲುಗಾಡಲಿಲ್ಲ.

ಗೇಟಿನ ಹತ್ತಿರದಿಂದ ಮಾವ ತಿರುಗಿ ನೋಡಿದರು. ಅವರ ನೋಟ ಇವರಿಬ್ಬರನ್ನೂ ದಾಟಿ, ತೆರೆದ ಹಿತ್ತಿಲ ಬಾಗಿಲಿನೊಳಗೆ, ಅಡುಗೆಮನೆಯ ಕಡೆಗೆ ಹೋಗಿ ಅಲ್ಲೇ ನಿಂತಿತು. ನಾಲ್ಕು ವಾರದಲ್ಲಿ ಮೊದಲ ಸಲ ಅವರ ಕೈ ಗೇಟಿನ ಅಗುಳಿಯನ್ನು ಈ ಕಡೆಗೆ ಎಳೆಯಿತು.

“ಹಾಕಿಬಿಡ್ಲಾ ಗೇಟು?” ಎಂದರು. “ಬರೋರು ಬಂದಾಯ್ತಲ್ಲ.”